ಅದುರುವ ನೆಲಕ್ಕೆ ಇಂಗ್ಲಿಷ್ ಹೆಸರು: ಕೋಲಾರ ಚಿನ್ನದ ಗಣಿಗಳ ಒಂದು ಪದಚರಿತ್ರೆ

ಕೋಲಾರದ ಚಿನ್ನದ ಗಣಿಗಳಲ್ಲಿ ಆಳದ ಬಂಡೆ ಸಿಡಿದು ನೆಲ ಅದುರುವುದಕ್ಕೆ ಬೇರೆ ಬೇರೆ ಕಾಲದಲ್ಲಿ ಮೂರು ಇಂಗ್ಲಿಷ್ ಹೆಸರುಗಳು ಬಳಕೆಯಲ್ಲಿದ್ದವು: ಏರ್ ಬ್ಲಾಸ್ಟ್, ಕ್ವೇಕ್, ರಾಕ್ ಬರ್ಸ್ಟ್. ಮೂರೂ ಒಂದೇ ಸಂಗತಿಯ ಪರ್ಯಾಯ ನಾಮಗಳು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಮೊದಲನೆಯದು ಗಾಳಿಯ ಕಡೆಗೆ ಕೈತೋರಿಸುತ್ತದೆ, ಎರಡನೆಯದು ಭೂಮಿಯ ಕಡೆಗೆ, ಮೂರನೆಯದು ಮನುಷ್ಯ ಕೊರೆದು ಸಡಿಲಿಸಿದ ಬಂಡೆಯ ಕಡೆಗೆ. ಕಾರಣ ಇನ್ನೂ ಗೊತ್ತಿಲ್ಲದ ಕಾಲದಲ್ಲಿ ಗೊತ್ತಿದೆ ಎಂಬ ಭಾವನೆಯನ್ನು ಈ ಹೆಸರುಗಳು ಹುಟ್ಟಿಸಿದವು ಎಂಬುದು ಈ ಲೇಖನದ ವಾದ.

ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿದ್ದು 1880ರಲ್ಲಿ. ಚಿನ್ನವಿದ್ದ ಬೆಣಚುಕಲ್ಲಿನ ಪದರವನ್ನು ಹಿಂಬಾಲಿಸಿ ಅಗೆತ ಕೆಳಗಿಳಿಯುತ್ತ ಹೋದಂತೆ, ಬರಿದಾದ ಜಾಗದ ಭಾರವೆಲ್ಲ ಅಕ್ಕಪಕ್ಕ ಉಳಿಸಿದ ಬಂಡೆಯ ಮೇಲೆ ಬಿತ್ತು. ಇಲ್ಲಿನ ಶಿಲೆ ಬಲು ಗಡಸು. ಬಾಗಿ ಕೊಡುವುದಿಲ್ಲ, ತಡೆದಷ್ಟು ತಡೆದು ಸಿಡಿಯುತ್ತದೆ. ದಾಖಲಾದ ಮೊದಲ ಸಿಡಿತ 1898ರದು, ಊರಿಗಾಂ ಗಣಿಯಲ್ಲಿ, ಸುಮಾರು 320 ಮೀಟರ್ ಆಳದಲ್ಲಿ. ಸಿಡಿದಾಗ ಸುರಂಗದೊಳಗೆ ಗಾಳಿ ರಭಸದಿಂದ ನುಗ್ಗುತ್ತದೆ. ಒಳಗಿದ್ದವರ ಮೈಗೆ ತಾಗುವುದು ಆ ಗಾಳಿ; ಏರ್ ಬ್ಲಾಸ್ಟ್ ಎಂಬ ಹೆಸರು ಪರಿಣಾಮವನ್ನೇ ಕಾರಣದ ಜಾಗದಲ್ಲಿ ಕೂರಿಸಿತು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್ 1904ರಲ್ಲಿ ಈ ಕುರಿತು ಬರೆದ ಇಲಾಖಾ ಬುಲೆಟಿನ್ನಿನ ಶೀರ್ಷಿಕೆಯಲ್ಲೇ ಏರ್ ಬ್ಲಾಸ್ಟ್ ಮತ್ತು ಕ್ವೇಕ್ ಎರಡೂ ಜೊತೆಜೊತೆಯಾಗಿ ನಿಂತಿವೆ. ಒಂದೇ ಬೇರಿನ ಎರಡು ತೋರಿಕೆಗಳು ಎರಡು ಹೆಸರು ಪಡೆದು ಬೇರೆ ಬೇರೆ ವಸ್ತುಗಳಂತೆ ಕಂಡವು. 1955ರಲ್ಲಿ ಸರ್ಕಾರದ ವಿಶೇಷ ಸಮಿತಿ ವರದಿ ಕೊಡುವ ಹೊತ್ತಿಗೆ ಮಾತು ಬದಲಾಗಿತ್ತು. ಅಲ್ಲಿರುವುದು ರಾಕ್ ಬರ್ಸ್ಟ್.

ಈ ವಾದಕ್ಕೆ ಒಂದು ಗಟ್ಟಿಯಾದ ಆಕ್ಷೇಪವಿದೆ. ಹೆಸರು ಏನೇ ಇರಲಿ, ಎಂಜಿನಿಯರುಗಳಿಗೆ ವಿಷಯ ತಿಳಿದಿತ್ತು. ಮರದ ಆಸರೆ ಸಾಲದೆಂದು ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿಸಿದವರು, ಮುಂದೆ ಕಾಂಕ್ರೀಟ್ ತುಂಬಿಸಿದವರು ಗಾಳಿಯ ಮೇಲೆ ತಪ್ಪು ಹೊರಿಸಿರಲಾರರು. ಇದನ್ನು ಒಪ್ಪಲೇಬೇಕು. ಆದರೆ ಆಳದಲ್ಲಿ ದುಡಿದವರ ಮನೆಯವರಿಗೂ ಗಣಿಯ ಹೊರಗಿನವರಿಗೂ ತಲುಪಿದ್ದು ಎಂಜಿನಿಯರಿನ ನಕ್ಷೆಯಲ್ಲ, ಹೆಸರು. ಗಾಳಿ ಹೊಡೆಯಿತು ಎಂದಾಗ ಅಗೆತದ ಕ್ರಮ, ಆಸರೆಗೆಂದು ಬಿಟ್ಟ ಬಂಡೆಕಂಬಗಳ ಅಳತೆ, ಕೆಲಸದ ಅವಸರ ಯಾವುದೂ ಪ್ರಶ್ನೆಗೆ ಸಿಗುವುದಿಲ್ಲ. ಯಾರೋ ಬೇಕೆಂದೇ ಈ ಹೆಸರನ್ನು ಹಬ್ಬಿಸಿದರು ಎನ್ನುವುದಕ್ಕೆ ಆಧಾರವಿಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಅನುಕೂಲವಾದ ತಪ್ಪು ಹೆಸರಿಗೆ ಆಯಸ್ಸು ಹೆಚ್ಚು, ಅಷ್ಟೆ.

ಇನ್ನೊಂದು ಆಕ್ಷೇಪ: ದೇಶಭಾಷೆಗಳಲ್ಲಿ ಇದಕ್ಕೆ ಪದವಿರಲಿಲ್ಲ, ಆದ್ದರಿಂದ ಇಂಗ್ಲಿಷ್ ಅನಿವಾರ್ಯವಾಯಿತು ಎಂಬುದು. ಇದು ನಿಲ್ಲುವುದಿಲ್ಲ. ಗಣಿಯಲ್ಲಿ ದುಡಿದವರಲ್ಲಿ ತಮಿಳು ಮಾತಿನವರು ಬಹಳ, ತೆಲುಗಿನವರೂ ಉಂಟು. ಗಣಿಗಳ ಸುತ್ತಲಿನ ಬಂಗಾರಪೇಟೆ, ಬೂದಿಕೋಟೆ ಸೀಮೆ ಕನ್ನಡ, ತೆಲುಗು ಎರಡನ್ನೂ ಆಡುವ ನೆಲ. ಈ ಮೂರು ಭಾಷೆಗಳಿಗೂ ನಡುಗುವುದಕ್ಕೆ ಒಂದೇ ಮೂಲದ ಮಾತಿದೆ: ಕನ್ನಡದ ಅದುರು, ತೆಲುಗಿನ ಅದುರು, ತಮಿಳಿನ ಅದಿರ್. ಇದ್ದ ಪದ ಕಚೇರಿಯ ಬಾಗಿಲು ದಾಟಲಿಲ್ಲ, ಏಕೆಂದರೆ ವರದಿಯ ಭಾಷೆ ಇಂಗ್ಲಿಷ್. ನಷ್ಟವಾದದ್ದು ಬರಿಯ ಪದವಲ್ಲ. ನಮ್ಮ ಮಾತಿನಲ್ಲಿ ಅಲುಗಾಟಕ್ಕೂ ಅನುಮಾನಕ್ಕೂ ನಂಟು ಬಿಟ್ಟಿಲ್ಲ: ಅಳುಕು ಎಂದರೆ ನಡುಕವೂ ಹೌದು, ಹಿಂಜರಿಕೆಯೂ ಹೌದು, ಹೊಯ್ದಾಟ ದೋಣಿಗೂ ಉಂಟು, ಮನಸ್ಸಿಗೂ ಉಂಟು. ಅದುರಿತು ಎಂಬ ಕ್ರಿಯೆ ಆದದ್ದನ್ನಷ್ಟೇ ಹೇಳಿ ಕಾರಣವನ್ನು ತೆರೆದಿಡುತ್ತದೆ. ಏರ್ ಬ್ಲಾಸ್ಟ್ ಎಂಬ ನಾಮಪದ ಆ ಬಾಗಿಲನ್ನು ಮುಚ್ಚಿತು.

1971ರ ನವೆಂಬರಿನಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಾದ ದೊಡ್ಡ ಸಿಡಿತ ಮೇಲಿನ ಕಟ್ಟಡಗಳನ್ನೂ ಜಖಂಗೊಳಿಸಿತು. ಆಮೇಲೆ ಕಂಪನ ಅಳೆಯುವ ಉಪಕರಣಗಳ ಜಾಲ ಬಂತು, 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಈ ಗಣಿ ಪ್ರದೇಶದಲ್ಲೇ ಆರಂಭವಾಯಿತು. ಅಲ್ಲಿಂದ ಸೀಸ್ಮಿಕ್ ಇವೆಂಟ್ ಎಂಬ ನಾಲ್ಕನೆಯ ಮಾತು ಸೇರಿತು. ಇದು ಕಾರಣ ಹೇಳುವುದಿಲ್ಲ, ಒಂದು ಘಟನೆ ನಡೆಯಿತು ಎಂದಷ್ಟೇ ದಾಖಲಿಸುತ್ತದೆ. ಹಳೆಯ ಮೂರಕ್ಕಿಂತ ಪ್ರಾಮಾಣಿಕ ಎಂದು ನನ್ನ ಎಣಿಕೆ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೀರು ತುಂಬಿದ ಸುರಂಗಗಳಲ್ಲಿ ಬಂಡೆ ಆಮೇಲೂ ಸಿಡಿದಿದೆ. ಇಂಗ್ಲಿಷ್ ವರದಿಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಒಳಗಿಳಿದು ದುಡಿದವರು ಆ ನಡುಕಕ್ಕೆ ಕನ್ನಡ, ತಮಿಳು, ತೆಲುಗುಗಳಲ್ಲಿ ಏನೆನ್ನುತ್ತಿದ್ದರು ಎಂಬುದನ್ನು ಬಂಗಾರಪೇಟೆ, ಬೂದಿಕೋಟೆ, ರಾಬರ್ಟ್‌ಸನ್‌ಪೇಟೆಗಳ ಕಾಲೇಜು ಅಧ್ಯಾಪಕರು, ವಿದ್ಯಾರ್ಥಿಗಳು ಮನೆಮನೆಗೆ ಹೋಗಿ ಈಗಲೇ ಬರೆದಿಟ್ಟುಕೊಳ್ಳಬೇಕು.