ಉರಿಯದ ಮುಲಾಮು

ಔಷಧಗಳ ಚರಿತ್ರೆಯಲ್ಲಿ ಗೋವಾದ ಹೆಸರು ಹೊತ್ತ ಒಂದು ಹಳದಿ ಪುಡಿಯಿದೆ. ಅದು ಗೋವಾದ್ದಲ್ಲ. ಬ್ರೆಜಿಲಿನ ಬಾಹಿಯಾ ಪ್ರಾಂತದ ಕಾಡುಗಳಲ್ಲಿ ಅರರೋಬ ಎಂಬ ಮರವಿದೆ. ಪುಡಿ ಸಿಗುವುದು ಅದರ ಕಾಂಡದ ಬಿರುಕುಗಳಲ್ಲಿ. ಪೋರ್ಚುಗೀಸ್ ವ್ಯಾಪಾರದ ದಾರಿ ಹಿಡಿದು ಗೋವಾಕ್ಕೆ ಬಂದು, ಅಲ್ಲಿಂದ ಮುಂಬೈ ಕಡೆಗೆ ಹೋಗುವಷ್ಟರಲ್ಲಿ ಅದು 'ಗೋವಾ ಪೌಡರ್' ಆಗಿತ್ತು. ಜನ ಅದನ್ನು ಹುಳುಕಡ್ಡಿಗೆ ಹಚ್ಚುತ್ತಿದ್ದರು. ಗೋವಾ ಪೌಡರ್ ಎಂದರೆ ತಮ್ಮೂರಿನ ಅರರೋಬವೇ ಎಂದು 1870ರ ದಶಕದಲ್ಲಿ ತಿಳಿಸಿದವರು ಬಾಹಿಯಾದ ವೈದ್ಯ ಸಿಲ್ವಾ ಲಿಮಾ.

ಅದೇ ದಶಕದಲ್ಲಿ ಲಂಡನ್ನಿನ ಚರ್ಮವೈದ್ಯ ಬಾಲ್ಮನ್ನೊ ಸ್ಕ್ವೈರ್ ಒಂದು ಸಂಗತಿಯನ್ನು ಗಮನಿಸಿದರು. ರೋಗಿಯೊಬ್ಬ ತನಗಿರುವುದು ಹುಳುಕಡ್ಡಿ ಎಂದುಕೊಂಡು ಗೋವಾ ಪೌಡರ್ ಹಚ್ಚಿಕೊಂಡಿದ್ದ. ಅವನಿಗಿದ್ದದ್ದು ಸೋರಿಯಾಸಿಸ್, ಆದರೂ ಗುಣ ಕಂಡಿತ್ತು. ಸ್ಕ್ವೈರ್ ಇದರ ಬೆನ್ನು ಹತ್ತಿ, ಆ ಪುಡಿಯ ಸಾರದಿಂದ ಮಾಡಿದ ಮುಲಾಮಿನ ಬಗ್ಗೆ 1878ರಲ್ಲಿ ಪುಸ್ತಕವನ್ನೇ ಬರೆದರು.

ಸೋರಿಯಾಸಿಸ್ ಅಂಟುರೋಗವಲ್ಲ. ಆರೋಗ್ಯವಂತ ಚರ್ಮದ ಜೀವಕೋಶಗಳು ಮೇಲ್ಪದರಕ್ಕೆ ಬರಲು ಸುಮಾರು ಒಂದು ತಿಂಗಳು ಹಿಡಿದರೆ, ಇಲ್ಲಿ ಕೆಲವೇ ದಿನ ಸಾಕು. ಹಾಗೆ ಒತ್ತೊತ್ತಾಗಿ ಬಂದವು ಬೆಳ್ಳಿಬಣ್ಣದ ಹೊಟ್ಟಾಗಿ ಉದುರುತ್ತವೆ. ಕುಷ್ಠದೊಂದಿಗೆ ಬೆರೆತುಹೋಗಿದ್ದ ಇದರ ಹೆಸರನ್ನು 1841ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಬೇರ್ಪಡಿಸಿದರು. ಇಂದಿಗೂ ಇದನ್ನು ಬುಡಸಮೇತ ಕೀಳುವ ಮದ್ದಿಲ್ಲ. ಹೋದದ್ದು ಮತ್ತೆ ಬರುತ್ತದೆ. ಆದ್ದರಿಂದ ಇದರ ಮುಲಾಮಿಗೆ ಎರಡು ಪರೀಕ್ಷೆ: ಎಷ್ಟು ಬೇಗ ಗುಣ ಕೊಡುತ್ತದೆ? ವರ್ಷಗಟ್ಟಲೆ ಹಚ್ಚಿದರೆ ಏನಾಗುತ್ತದೆ? ಈ ಚರಿತ್ರೆಯನ್ನು ಓದುತ್ತಾ ನನಗೆ ಕಂಡದ್ದು, ಮೊದಲ ಪ್ರಶ್ನೆಗೆ ಉತ್ತರ ಬೇಗ ಸಿಕ್ಕಿದೆ, ಎರಡನೆಯದು ಸದಾ ಹಿಂದುಳಿದಿದೆ.

ಗೋವಾ ಪೌಡರಿನ ಕೆಡುಕು ಯಾರಿಗೂ ಗುಟ್ಟಾಗಿರಲಿಲ್ಲ. ಅದು ಸುತ್ತಲಿನ ಒಳ್ಳೆಯ ಚರ್ಮವನ್ನು ಉರಿಸುತ್ತಿತ್ತು, ಕಣ್ಣಿಗೆ ತಾಗಿದರೆ ಕಣ್ಣು ಕೆಂಪಾಗುತ್ತಿತ್ತು, ಬಟ್ಟೆಗೆ ಹೋಗದ ಕಲೆ ಹಿಡಿಸುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಬ್ರೆಜಿಲಿನ ಸರಕು ಜರ್ಮನಿಗೆ ಬರುವುದು ಕಷ್ಟವಾದಾಗ, 1916ರಲ್ಲಿ ಅಲ್ಲಿ ಡಿತ್ರನಾಲ್ ಎಂಬ ಕೃತಕ ಬದಲಿ ಬಂತು. ಅದೂ ಉರಿಸಿತು, ಕಲೆ ಹಿಡಿಸಿತು. 1925ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಗೋಕರ್ಮನ್ ಕಲ್ಲಿದ್ದಲ ಡಾಂಬರು ಹಚ್ಚಿ ಅತಿನೇರಳೆ ಬೆಳಕು ಹಾಯಿಸುವ ಕ್ರಮ ತಂದರು. 1953ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ಇಂಗ್ರಾಮ್ ಡಾಂಬರಿನ ಸ್ನಾನ, ಬೆಳಕು, ಡಿತ್ರನಾಲ್ ಮೂರನ್ನೂ ಜೋಡಿಸಿದರು. ಗುಣವೇನೋ ಸಿಗುತ್ತಿತ್ತು, ಆದರೆ ವಾರಗಟ್ಟಲೆ ನಾತ, ಬ್ಯಾಂಡೇಜು, ಆಸ್ಪತ್ರೆ. ಇಂಥ ಮದ್ದನ್ನು ಬೇಕಾದ್ದಕ್ಕಿಂತ ಒಂದು ದಿನವೂ ಹೆಚ್ಚು ಹಚ್ಚಿಕೊಳ್ಳಲು ಯಾರಿಗೂ ಮನಸ್ಸಾಗದು. ಉರಿಯೇ ಕಾವಲುಗಾರನಾಗಿತ್ತು.

1952ರಲ್ಲಿ ನ್ಯೂಯಾರ್ಕಿನ ಸಲ್ಜ್‌ಬರ್ಗರ್ ಮತ್ತು ವಿಟನ್, ಹೈಡ್ರೊಕಾರ್ಟಿಸೋನನ್ನು ಮೇಲೆ ಹಚ್ಚಿದರೂ ಕೆಲಸ ಮಾಡುತ್ತದೆಂದು ತೋರಿಸಿದರು. ಸೋರಿಯಾಸಿಸ್‌ಗೆ ಅದು ಸಾಲದಾದರೂ, ಹೆಚ್ಚು ಬಲದ ಸ್ಟೀರಾಯ್ಡುಗಳು ಬೆನ್ನಲ್ಲೇ ಬಂದವು. ಅವುಗಳಲ್ಲಿ ಯಾವುದು ಬಲಶಾಲಿ ಎಂದು ಅಳೆಯಲು 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಸರಳ ಉಪಾಯ ಮಾಡಿದರು: ಆರೋಗ್ಯವಂತರ ಚರ್ಮಕ್ಕೆ ಹಚ್ಚಿ, ಅದು ಎಷ್ಟು ಬಿಳಿಚಿಕೊಳ್ಳುತ್ತದೆ ಎಂದು ನೋಡುವುದು. ಬಲ ಗಂಟೆಗಳಲ್ಲಿ ಅಳೆಯಬಲ್ಲದ್ದಾಯಿತು. ಆದರೆ ಚರ್ಮ ತೆಳುವಾಗುವುದು, ರಕ್ತನಾಳಗಳು ಎದ್ದು ಕಾಣುವುದು, ಬಿಟ್ಟೊಡನೆ ಕಾಯಿಲೆ ಉಲ್ಬಣಿಸುವುದು, ಇವು ಗಂಟೆಗಳಲ್ಲಿ ಕಾಣುವಂಥವಲ್ಲ. ಉರಿಯಿಲ್ಲ, ನಾತವಿಲ್ಲ, ಕಲೆಯಿಲ್ಲ. ಕಾವಲುಗಾರ ಹೊರಟುಹೋಗಿದ್ದ.

ಇನ್ನೊಂದು ಮದ್ದು ಜಪಾನಿನಿಂದ ಬಂತು. ಒಸಾಕದಲ್ಲಿ ಮೂಳೆ ಸವೆತಕ್ಕೆಂದು ಡಿ ಜೀವಸತ್ವದ ಒಂದು ರೂಪವನ್ನು ಪಡೆಯುತ್ತಿದ್ದ ರೋಗಿಯ ಸೋರಿಯಾಸಿಸ್ ಮಾಯವಾದದ್ದು 1985ರಲ್ಲಿ ವರದಿಯಾಯಿತು. ಅದರ ಎಳೆ ಹಿಡಿದು ಕ್ಯಾಲ್ಸಿಪೊಟ್ರಿಯಾಲ್ ಮುಲಾಮು ಬಂತು. ಇದು ಚರ್ಮವನ್ನು ತೆಳುವಾಗಿಸುವುದಿಲ್ಲ. ಆದರೆ ಹಲವರಿಗೆ ತುರಿಕೆ, ಉರಿ ತರುತ್ತದೆ.

ಇವನ್ನೆಲ್ಲ ಪಕ್ಕಪಕ್ಕ ಇಟ್ಟು ತೂಗಿದ ದೊಡ್ಡ ಕೆಲಸ 2013ರ ಕೊಕ್ರೇನ್ ವಿಮರ್ಶೆ: 177 ಪ್ರಯೋಗಗಳು, 34,808 ಜನ. ಮೈಮೇಲಿನ ಕಲೆಗಳಿಗೆ ಪ್ರಬಲ ಸ್ಟೀರಾಯ್ಡುಗಳೂ ಡಿ ಜೀವಸತ್ವದ ಮುಲಾಮುಗಳೂ ಹೆಚ್ಚುಕಡಿಮೆ ಸರಿಸಮ. ಎರಡೂ ಸೇರಿದರೆ ಪರಿಣಾಮ ಹೆಚ್ಚು. ನೆತ್ತಿಗೆ ಸ್ಟೀರಾಯ್ಡೇ ಮೇಲು. ಹಚ್ಚಿದ ಜಾಗದಲ್ಲಿ ತೊಂದರೆ ಕೊಡುವುದರಲ್ಲೂ ಸ್ಟೀರಾಯ್ಡೇ ಕಡಿಮೆ. ಇಷ್ಟಕ್ಕೇ ನಿಲ್ಲಿಸಿದರೆ ಗೆದ್ದದ್ದು ಯಾರೆಂಬುದು ಸ್ಪಷ್ಟ. ಆದರೆ ಅದೇ ವಿಮರ್ಶೆ, ದೀರ್ಘಕಾಲ ಸ್ಟೀರಾಯ್ಡ್ ಹಚ್ಚುವವರ ಚರ್ಮ ತೆಳುವಾಗುವ ಅಪಾಯದ ಬಗ್ಗೆ ಪುರಾವೆಯ ಕೊರತೆಯಿದೆ ಎಂದೂ ಹೇಳುತ್ತದೆ. 'ತೊಂದರೆ ಕಾಣಲಿಲ್ಲ' ಎಂಬ ಮಾತಿನ ಜೊತೆ 'ಎಷ್ಟು ದಿನ ನೋಡಿದಿರಿ?' ಎಂದೂ ಕೇಳಬೇಕಾಗುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಪುಸ್ತಕದ ಮಾತಲ್ಲ. ಗೋವಾ ಪೌಡರಿನದು ಹುಳುಕಡ್ಡಿಯ ಮದ್ದು ಸೋರಿಯಾಸಿಸ್‌ಗೆ ಒದಗಿದ ಕತೆ. ಈಗ ಅದು ತಿರುವುಮುರುವಾಗಿದೆ: ಸೋರಿಯಾಸಿಸ್‌ಗೆ ಬಳಸುವಂಥ ಪ್ರಬಲ ಸ್ಟೀರಾಯ್ಡುಗಳು ಶಿಲೀಂಧ್ರನಾಶಕದೊಡನೆ ಬೆರೆತು, ಮೆಡಿಕಲ್ ಶಾಪಿನಲ್ಲಿ ಹುಳುಕಡ್ಡಿಯ ಮದ್ದಾಗಿ ಕೈ ಸೇರುತ್ತವೆ. ಕೆಂಪು, ತುರಿಕೆ ಬೇಗ ತಗ್ಗುತ್ತವೆ. ಸೋಂಕು ಮಾತ್ರ ಒಳಗೊಳಗೇ ಹರಡಬಹುದು. ಮುಖ ಬೆಳ್ಳಗಾಗಲೆಂದು ಹಚ್ಚುವವರೂ ಇದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡುಗಳ ಮುಲಾಮುಗಳನ್ನು, ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಸಲ್ಜ್‌ಬರ್ಗರ್ ಮತ್ತು ವಿಟನ್ ಬರೆದು ಆಗಲೇ 66 ವರ್ಷ ಕಳೆದಿತ್ತು.

ಸ್ಟೀರಾಯ್ಡನ್ನು ದೂರುವುದು ನನ್ನ ಉದ್ದೇಶವಲ್ಲ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಅದು ದೊಡ್ಡ ಉಪಕಾರಿ. ಡಾಂಬರಿನ ತೊಟ್ಟಿಯಲ್ಲಿ ಕೂತೆದ್ದ ತಲೆಮಾರನ್ನು ಕೇಳಿದ್ದರೆ ಅವರೂ ಹಾಗೆಯೇ ಅನ್ನುತ್ತಿದ್ದರೇನೋ. ಆದರೆ ಹಳೆಯ ಮದ್ದು ತನ್ನ ಕೆಡುಕನ್ನು ಹಚ್ಚಿದ ದಿನವೇ ಹೇಳುತ್ತಿತ್ತು. ಹೊಸದು ಹೇಳುವುದಿಲ್ಲ. ಅದು ಹೇಳದ್ದನ್ನು ವೈದ್ಯರ ಚೀಟಿ ಮತ್ತು ಮದ್ದು ಮಾರುವವರ ಬಾಯಿ ಹೇಳಬೇಕು.