ಪಟ್ಟಣ ಖಾಲಿಯಾದ ಕಥೆ

ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರು ಎಂದರೆ ಸಾಕು, ನಮಗೆ ಡೆಸ್ಕಿನಿಂದ ಫೋನ್ ಬರುತ್ತದೆ. ‘ಶ್ರೀರಂಗಪಟ್ಟಣಕ್ಕೆ ಹೋಗಿ, ವೆಲ್ಲೆಸ್ಲಿ ಸೇತುವೆ ಹತ್ತಿರ ಒಂದು ಫೋಟೊ ತೆಗೆದು ಕಳಿಸಿ.’ ಮೈಸೂರಿನಿಂದ ಹದಿನೈದು ಕಿಲೋಮೀಟರಿನ ಆಸುಪಾಸು. ಹೋಗುತ್ತೇವೆ, ಕೆಂಪು ನೀರಿನ ಫೋಟೊ ತೆಗೆಯುತ್ತೇವೆ, ಟೀ ಕುಡಿದು ವಾಪಸಾಗುತ್ತೇವೆ. ಇಷ್ಟು ವರ್ಷ ಓಡಾಡಿಯೂ ಆ ಊರಿನ ಬಗ್ಗೆ ನಾವು ಬರೆದದ್ದು ಎರಡೇ ಬಗೆಯ ಸುದ್ದಿ: ಒಂದು ಪ್ರವಾಹ, ಇನ್ನೊಂದು ಟಿಪ್ಪು. ಅಲ್ಲೊಂದು ಊರಿದೆ, ಅದಕ್ಕೂ ಒಂದು ಕಥೆ ಇದೆ ಎಂಬುದನ್ನು ಬರೆದೇ ಇಲ್ಲ.

ಸುತ್ತಲಿನ ಹಳ್ಳಿಯವರು ಶ್ರೀರಂಗಪಟ್ಟಣ ಎನ್ನುವುದಿಲ್ಲ, ‘ಪಟ್ಟಣ’ ಎನ್ನುತ್ತಾರೆ, ಅಷ್ಟೆ. ಟಿಪ್ಪುವಿನ ಕಾಲದ ನಾಣ್ಯಗಳಲ್ಲೂ ಟಂಕಸಾಲೆಯ ಹೆಸರು ‘ಪಟನ್’ ಎಂದೇ ಇದೆ. ಕಾವೇರಿ ಎರಡಾಗಿ ಒಡೆದು ಮತ್ತೆ ಸಂಗಮದಲ್ಲಿ ಕೂಡುವ ನಡುವಿನ ನೆಲ ಇದು. ಉದ್ದ ಸುಮಾರು ಮೂರು ಮೈಲಿ, ಅಗಲ ಒಂದು ಮೈಲಿ. ಪಶ್ಚಿಮದ ತುದಿಯಲ್ಲಿ ಕೋಟೆ, ರಂಗನಾಥನ ಗುಡಿ. ಪೂರ್ವಕ್ಕೆ ಗಂಜಾಂ. ನಡುವೆ ಇವತ್ತಿಗೂ ಗದ್ದೆ, ತೋಟ.

ವಿಜಯನಗರದ ಪ್ರತಿನಿಧಿ ಇಲ್ಲಿಂದಲೇ ಈ ಸೀಮೆಯನ್ನು ಆಳುತ್ತಿದ್ದ. 1610ರಲ್ಲಿ ರಾಜ ಒಡೆಯರು ಪಟ್ಟಣವನ್ನು ವಶಪಡಿಸಿಕೊಂಡು ಮೈಸೂರು ಬಿಟ್ಟು ಇಲ್ಲಿಗೆ ಬಂದರು. ನಾವು ಮೈಸೂರಿನವರು ನಮ್ಮದೆಂದು ಬೀಗುವ ದಸರೆಯನ್ನು ಒಡೆಯರು ಆ ವರ್ಷ ಮೊದಲು ನಡೆಸಿದ್ದೂ ಈ ದ್ವೀಪದಲ್ಲೇ. ಮುಂದೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಬಂಗಾರದೊಡ್ಡಿ ನಾಲೆಯನ್ನು ತೆಗೆದು, ಹೊಳೆಯ ಮೇಲೆ ಮೇಲ್ಗಾಲುವೆ ಕಟ್ಟಿ ದ್ವೀಪಕ್ಕೆ ನೀರು ತಂದರು. ಸುತ್ತ ಹೊಳೆ ಹರಿಯುತ್ತಿದ್ದರೂ ಗದ್ದೆಗೆ ನೀರು ಹಾಯಿಸಲು ಇನ್ನೊಂದು ಕಾಲುವೆ ಬೇಕಾಯಿತು. ಹೊಳೆ ಕೆಳಗೆ, ಊರು ಮೇಲೆ.

ಹೊಳೆ ಇದ್ದದ್ದು ಬೇರೆ ಕೆಲಸಕ್ಕೆ, ಊರು ಕಾಯುವುದಕ್ಕೆ. ಆದರೆ ಈ ಕಾವಲುಗಾರನಿಗೆ ವರ್ಷವಿಡೀ ಒಂದೇ ಬಲ ಇರುತ್ತಿರಲಿಲ್ಲ. ಮುಂಗಾರು ಹಿಡಿದರೆ ಎರಡೂ ಕವಲು ತುಂಬಿ ದಾಟಲಾಗದು. ಬೇಸಿಗೆಯಲ್ಲಿ ಬಂಡೆಗಳ ನಡುವೆ ಕಾಲಿಟ್ಟು ದಾಟಬಹುದು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಪಟ್ಟಣದ ಹತ್ತಿರಕ್ಕೇ ಬಂದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ದವಸ ಮುಗಿಯಿತು. ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಮಳೆಗಾಲಕ್ಕೆ ಬಹಳ ಮೊದಲೇ ಬಂದು ಮುತ್ತಿದ. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಬೇಕಾಯಿತು. 1799ರಲ್ಲೂ ಇಂಗ್ಲಿಷರಿಗೆ ಇದ್ದದ್ದು ಅದೇ ಅವಸರ. ಹೊಳೆ ಏರುವುದರೊಳಗೆ ಕೋಟೆಗೆ ನುಗ್ಗಬೇಕು. ಮೇ 4ರ ಮಧ್ಯಾಹ್ನ ಸೈನಿಕರು ನೀರು ಇಳಿದ ಕಾವೇರಿಯನ್ನು ದಾಟಿ, ಗುಂಡು ಹೊಡೆದು ಕೆಡವಿದ್ದ ಗೋಡೆಯನ್ನು ಹತ್ತಿದರು. ಸಂಜೆಯ ಹೊತ್ತಿಗೆ ಟಿಪ್ಪು ಸತ್ತಿದ್ದ.

ಸಾಮಾನ್ಯವಾಗಿ ಕಥೆ ಇಲ್ಲಿಗೆ ಮುಗಿಯುತ್ತದೆ. ಪ್ರವಾಸಿಗಳ ಬಸ್ಸೂ ಇಲ್ಲಿಗೇ ಮುಗಿಸುತ್ತದೆ. ನಮಗೆ ಮುಖ್ಯವೆನಿಸುವುದು ಮೇ 5ರಿಂದ ಮುಂದಿನದು.

ಆಗ ಊರು ಎಷ್ಟು ದೊಡ್ಡದಿತ್ತು? 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಕನಿಷ್ಠ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅಂದಾಜು ಮಾಡಿದ. ಅವರೆಲ್ಲ ತಾವಾಗಿ ಬಂದವರಲ್ಲ. ಗಂಜಾಂ ಪೇಟೆಯನ್ನು ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತಂದನೆಂದು ಗೆಜೆಟಿಯರ್ ದಾಖಲಿಸಿದೆ. ಅಂದರೆ ಇತ್ತ ಒಂದು ಊರು ತುಂಬುವುದಕ್ಕೆ ಅತ್ತ ಇನ್ನೊಂದು ಊರು ಬರಿದಾಯಿತು.

ಆಮೇಲೆ ಪಟ್ಟಣದ ಸರದಿ. ಮೊದಲು ಲೂಟಿ. ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಟಿಪ್ಪುವಿನ ಮರದ ಹುಲಿ ಲಂಡನ್ ಸೇರಿತು. 1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟ ಕಟ್ಟಿದ್ದು ಮೈಸೂರಿನಲ್ಲಿ. ದರ್ಬಾರು ಹೋಯಿತು, ದಸರೆ ಹೋಯಿತು. ಅದರ ಹಿಂದೆ ಅಂಗಡಿಯವರು, ಕುಶಲಕರ್ಮಿಗಳು, ಸಂಬಳ ನಂಬಿದ ಸಿಪಾಯಿಗಳ ಮನೆಗಳು. ಬುಕನನ್ ಬಂದಾಗಲೇ ಜನಸಂಖ್ಯೆ ಸುಮಾರು 32,000ಕ್ಕೆ ಇಳಿದಿತ್ತು. ಒಂದೇ ವರ್ಷದಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಉಳಿದ ಲೆಕ್ಕ.

ಇಂಗ್ಲಿಷರ ಸೇನೆ ಇಲ್ಲೇ ಬೀಡುಬಿಟ್ಟಿತು. ಆರ್ಥರ್ ವೆಲ್ಲೆಸ್ಲಿ ದರಿಯಾ ದೌಲತ್‌ನಲ್ಲಿ ವಾಸವಾಗಿದ್ದ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಉತ್ತರದ ಕವಲಿಗೆ ಕಲ್ಲುಕಂಬದ ಸೇತುವೆ ಕಟ್ಟಿಸಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಆದರೆ ಜ್ವರ ಬಿಡಲಿಲ್ಲ. ಹತ್ತು ವರ್ಷ ಕಳೆಯುವ ಹೊತ್ತಿಗೆ ಸೇನೆಯೂ ಬೆಂಗಳೂರಿನ ದಂಡಿಗೆ ಹೋಯಿತು. ಹಿಂದೆ ಉಳಿದದ್ದು ಗ್ಯಾರಿಸನ್ ಸ್ಮಶಾನದ ಗೋರಿಗಳು. 1901ರ ಜನಗಣತಿಯ ವೇಳೆಗೆ ಪಟ್ಟಣದಲ್ಲಿ ಎಂಟೂವರೆ ಸಾವಿರದಷ್ಟು ಜನ ಮಾತ್ರ.

ಜನರ ಹಾಗೆ ಕಲ್ಲು, ಮರಗಳೂ ವಲಸೆ ಹೋದವು. ಟಿಪ್ಪು ಮೈಸೂರಿನ ಹಳೇ ಕೋಟೆ ಕೆಡವಿಸಿ, ಅದರ ಕಲ್ಲನ್ನು ಪಕ್ಕದ ದಿಣ್ಣೆಗೆ ಸಾಗಿಸಿ ನಜರ್‌ಬಾದ್ ಕೋಟೆ ಕಟ್ಟಿಸಲು ಹೊರಟಿದ್ದ. ಅವನು ಸತ್ತ ಮೇಲೆ ಅದೇ ಕಲ್ಲನ್ನು ವಾಪಸ್ ತಂದು ಮೈಸೂರಿನ ಕೋಟೆ ಕಟ್ಟಿದರು. ಇತ್ತ ಪಟ್ಟಣದ ಅರಮನೆಯ ಮರ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ತೊಲೆಗಳಾಯಿತು. ಗೋಡೆ ಒಡೆದವರು ಒಬ್ಬರು, ಸೂರು ಹೊದಿಸಿಕೊಂಡವರು ಇನ್ನೊಬ್ಬರು.

ಹಾಗಾದರೆ ಊರು ಸತ್ತಿತೇ? ಇಲ್ಲ. ಅರಮನೆಯನ್ನು ನಂಬಿದ್ದೆಲ್ಲ ಹೋಯಿತು, ಹೊಳೆಯನ್ನು ನಂಬಿದ್ದು ಉಳಿಯಿತು. ರಂಗನಾಥ ಉಳಿದ, ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಮೂರೂ ಕಡೆ ಹೋಗುವ ಭಕ್ತರು ಉಳಿದರು. ಜೋಡಿ ಮಿನಾರಿನ ಮಸೀದಿಯಲ್ಲಿ ನಮಾಜು ಉಳಿಯಿತು. ಗಂಜಾಮಿನಲ್ಲಿ ನಿಮಿಷಾಂಬ ಗುಡಿ, ಅಬ್ಬೆ ದುಬೊಯಿ ಕಟ್ಟಿದ ಚರ್ಚು, ಅಂಜೂರದ ಹೆಸರು. ಪಶ್ಚಿಮವಾಹಿನಿಗೆ, ಸಂಗಮಕ್ಕೆ ಅಸ್ಥಿ ಬಿಡಲು ಬರುವವರು ಯಾವ ಕಾಲಕ್ಕೂ ಕಡಿಮೆಯಾಗಲಿಲ್ಲ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವೂ ಇಲ್ಲಿಗೆ ಬಂತು. ನಮ್ಮ ಮನೆಗಳ ಹಿರಿಯರನ್ನೂ ನಾವು ಕೊನೆಯದಾಗಿ ಕಳಿಸಿಕೊಟ್ಟದ್ದು ಇದೇ ನೀರಿಗೆ.

ಈಗ ಇನ್ನೊಂದು ಸಲ ಊರಿನ ಪಕ್ಕದಿಂದ ದಾರಿ ಸರಿದಿದೆ. 2017ರಲ್ಲಿ ಜೋಡಿ ಹಳಿಗಾಗಿ ಸಾವಿರ ಟನ್ ತೂಗುವ ಟಿಪ್ಪುವಿನ ಮದ್ದಿನಮನೆಯನ್ನು ಇಡಿಯಾಗಿ ನೂರು ಮೀಟರಿಗೂ ಹೆಚ್ಚು ಸರಿಸಿದರು. ಇಲ್ಲಿಂದ ಕಲ್ಲು ಹೊರಟದ್ದೇ ಹೆಚ್ಚು. ಆ ಸಲ ಮಾತ್ರ ಉಳಿಸುವುದಕ್ಕಾಗಿ ಕದಲಿಸಿದ್ದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರನ್ನು ಹೊರಗಿನಿಂದಲೇ ಬಳಸಿ ಹೋಗುತ್ತದೆ. ಹಳೇ ರಸ್ತೆಯ ಹೋಟೆಲಿನವರು, ಎಳನೀರಿನವರು, ಟಾಂಗಾದವರು ‘ಮೊದಲಿನ ಗಿರಾಕಿ ಇಲ್ಲ ಸಾರ್’ ಎನ್ನುವುದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅಧಿಕಾರ ಇದ್ದ ಕಡೆ ಜನ, ರಸ್ತೆ ಇದ್ದ ಕಡೆ ವ್ಯಾಪಾರ. ಪಟ್ಟಣಕ್ಕೆ ಈ ಪಾಠ ಹೊಸದಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ಬೃಂದಾವನಕ್ಕೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಇಳಿದು ಗುಂಬಜ್ ನೋಡಿ ಹೊರಡಬೇಡಿ. ಬೆಳಿಗ್ಗೆ ಬನ್ನಿ. ಕೋಟೆಯೊಳಗಿನ ಬೀದಿಗಳಲ್ಲಿ ನಡೆಯಿರಿ; ಬತೇರಿಯ ಪಕ್ಕದಲ್ಲೇ ಬಟ್ಟೆ ಒಣಹಾಕಿದ ಮನೆಗಳಿವೆ, ಸಿಪಾಯಿಗಳು ನುಗ್ಗಿದ ಕಡೆ ದನ ಮೇಯುತ್ತಿರುತ್ತವೆ. ಊಟ ಅಲ್ಲೇ ಮಾಡಿ. ನಾವೂ ಮುಂದಿನ ಸಲ ನೀರು ಬಿಟ್ಟಾಗ ಫೋಟೊ ಕಳಿಸಿದ ಮೇಲೆ ಒಂದು ದಿನ ಉಳಿಯುತ್ತೇವೆ. ಬರೆಯುವುದು ಇನ್ನೂ ಬಹಳ ಇದೆ.