ಯಂತ್ರದ ಅಳತೆ, ಗಾನದ ಆಯುಸ್ಸು

ಗಾನವೊಂದು ಜನಪ್ರಿಯವಾಗುವುದು ಅದರ ಮಾಧುರ್ಯದಿಂದ ಮಾತ್ರವೇ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅದು ಯಾವ ಸಾಧನದ ಮೂಲಕ ಜನರ ಕಿವಿಯನ್ನು ಮುಟ್ಟಿತೆಂಬುದೂ ಅಷ್ಟೇ ಮುಖ್ಯವೆಂದು ಇತಿಹಾಸವು ತಿಳಿಸುತ್ತದೆ.

1902ನೇ ಇಸವಿಯನ್ನೇ ಗಮನಿಸೋಣ. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬವರು ರೋಮಿನಲ್ಲಿ ಸಿಸ್ಟೈನ್ ಗಾನವೃಂದದ ಹಾಡುಗಾರಿಕೆಯನ್ನು ಮುದ್ರಿಸಿಕೊಂಡರು. ಅವರೇ ಕಲ್ಕತ್ತೆಗೆ ಬಂದು ನವೆಂಬರಿನಲ್ಲಿ ಖ್ಯಾತ ಗಾಯಕಿ ಗೌಹರ್ ಜಾನರ ಗಾಯನವನ್ನು ಮುದ್ರಿಸಿದರು. ಆಗ ವಿದ್ಯುತ್ ಧ್ವನಿಗ್ರಾಹಕಗಳಿರಲಿಲ್ಲ. ಹಾಡುವವರು ದೊಡ್ಡದೊಂದು ಕಹಳೆಯ ಬಾಯಿಗೆ ಎದುರಾಗಿ ಗಟ್ಟಿಯಾಗಿ ಹಾಡಬೇಕಿತ್ತು. ಆ ನಾದದ ಬಲದಿಂದಲೇ ಸೂಜಿಯು ಮೇಣದ ಮೇಲೆ ಗೆರೆ ಕೊರೆಯುತ್ತಿತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ದೊರೆಯುತ್ತಿದ್ದ ಕಾಲ ಸುಮಾರು 3 ನಿಮಿಷ ಮಾತ್ರ. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಆಕೆ ಆ ಅಳತೆಗೆ ಅಡಕಗೊಳಿಸಿದರು. ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ತಯಾರಾಗುತ್ತಿದ್ದವು. ಗಾನದ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು.

ಇದರಿಂದ ಆಸ್ಥಾನಗಳಲ್ಲಿಯೂ ಸಿರಿವಂತರ ಮಹಲುಗಳಲ್ಲಿಯೂ ಮಾತ್ರ ಕೇಳಿಬರುತ್ತಿದ್ದ ಸಂಗೀತವು ಸಾಮಾನ್ಯ ಗೃಹಸ್ಥರ ಮನೆಯನ್ನೂ ಪ್ರವೇಶಿಸಿತು. ಆದರೆ ಮೆಲುದನಿಯವರಿಗೆ ಅಲ್ಲಿ ಎಡೆಯಿರಲಿಲ್ಲ. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣವು ಬಂದ ಬಳಿಕವೇ ಕೆ. ಎಲ್. ಸೈಗಲರಂಥವರ ಮೃದುಗಾಯನವು ಮನೆಮಾತಾಯಿತು. ಹೀಗೆ ಯಂತ್ರವು ಗಾನವನ್ನು ಹರಡಿತು. ತನ್ನ ಅಳತೆಗೆ ಕತ್ತರಿಸಿತು ಕೂಡ.

ಇದೇ ಕಾಲದಲ್ಲಿ ಧರ್ಮಸಭೆಯು ಮತ್ತೊಂದು ಪ್ರಶ್ನೆಯನ್ನು ಆಲೋಚಿಸುತ್ತಿತ್ತು. 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾಳ ಹಬ್ಬದಂದು, ಪೋಪ್ ಹತ್ತನೆಯ ಪಿಯುಸರು ಹೊರಡಿಸಿದ ಆಜ್ಞಾಪತ್ರವು ಗ್ರೆಗೋರಿಯನ್ ಗಾನವನ್ನು ಮರಳಿ ಜನರ ಬಾಯಿಗೆ ತರಬೇಕೆಂದು ವಿಧಿಸಿತು. ಜನರು ಕೇಳುಗರಾಗಿ ಮಾತ್ರ ಉಳಿಯಬಾರದೆಂಬುದು ಅದರ ಆಶಯ. ಅರವತ್ತು ವರ್ಷಗಳ ತರುವಾಯ, 1963ರ ಡಿಸೆಂಬರ್ 4ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯಲ್ಲಿ ಭಕ್ತಜನರ ಸಕ್ರಿಯ ಪಾಲ್ಗೊಳ್ಳುವಿಕೆಯನ್ನು ಎತ್ತಿಹಿಡಿದು, ಆಯಾ ನಾಡಿನ ಸಂಗೀತ ಪರಂಪರೆಗೂ ಮನ್ನಣೆಯಿತ್ತಿತು. ನಮ್ಮ ಬಲಿಪೂಜೆಯಲ್ಲಿ ಕನ್ನಡದ ಗೀತೆಗಳು ಮೊಳಗಲು ದಾರಿ ಸುಗಮವಾದದ್ದು ಹೀಗೆ. ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು ಲೋಕಕ್ಕೆ ಪರಿಚಯವಾದದ್ದೂ ಅದೇ ವರ್ಷ. ಅಗ್ಗದ ಈ ಸಾಧನವು 1980ರ ದಶಕದಲ್ಲಿ ನಮ್ಮ ದೇಶದ ಸಣ್ಣ ಊರುಗಳ ಭಕ್ತಿಗೀತೆಗಳಿಗೂ ರೆಕ್ಕೆ ಕೊಟ್ಟಿತು.

ಇಂದು ಕ್ಯಾಸೆಟ್ಟು ಮರೆಯಾಗಿದೆ. ಲೋಕದ ಗಾನವೆಲ್ಲ ಅಂಗೈಯ ಮೊಬೈಲಿನಲ್ಲಿದೆ. ಇಷ್ಟಾದರೂ ದೇವಾಲಯದಲ್ಲಿ ಧ್ವನಿವರ್ಧಕದ ಮುಂದೆ ನಾಲ್ವರು ಹಾಡುವಾಗ ಉಳಿದವರು ಮೌನವಾಗಿ ನಿಂತಿರುವುದನ್ನು ನಾವು ಕಾಣುತ್ತೇವೆ. ಯಂತ್ರವು ಗೀತೆಗೆ ಪ್ರಸಿದ್ಧಿಯನ್ನು ಕೊಡಬಲ್ಲದು. ಆಯುಸ್ಸನ್ನು ಕೊಡಬಲ್ಲವರು ಅದನ್ನು ಕಂಠಪಾಠ ಮಾಡಿ ಮಕ್ಕಳಿಗೆ ಕಲಿಸುವವರು ಮಾತ್ರ. ಕೇಳುವ ಕಿವಿಗಳ ಜೊತೆಗೆ ಹಾಡುವ ಕಂಠಗಳೂ ನಮ್ಮ ಧರ್ಮಕೇಂದ್ರದಲ್ಲಿ ಹೆಚ್ಚಲಿ.